ಕಂತು ತಪ್ಪದ ಊರಿನ ಬಿಕ್ಕಟ್ಟು: ಆಡಂ ಸ್ಮಿತ್‌ನಿಂದ ಶಿಡ್ಲಘಟ್ಟದವರೆಗೆ

ಕಿರುಸಾಲ (ಮೈಕ್ರೋಫೈನಾನ್ಸ್) ಕಂಪನಿಗಳು ವರ್ಷಗಟ್ಟಲೆ ಹೆಮ್ಮೆಯಿಂದ ತೋರಿಸಿದ್ದು ಒಂದೇ ಅಂಕಿ: ವಸೂಲಿ ಶೇ. 98, ಶೇ. 99. ದೊಡ್ಡ ಉದ್ಯಮಿಗಳು ಬ್ಯಾಂಕಿಗೆ ಟೋಪಿ ಹಾಕುವ ದೇಶದಲ್ಲಿ ಬಡ ಹೆಂಗಸರು ಕಂತು ತಪ್ಪಿಸುವುದಿಲ್ಲ ಎಂಬ ಮಾತು ಕೇಳಲು ಚೆನ್ನಾಗಿಯೂ ಇತ್ತು. 2009ಕ್ಕೆ ಮುಂಚೆ ಕೋಲಾರದ ಬಗ್ಗೆ ಇದನ್ನೇ ಹೇಳುತ್ತಿದ್ದರು. 2010ರ ಅಕ್ಟೋಬರ್‌ಗೆ ಮುಂಚೆ ಆಂಧ್ರದ ಬಗ್ಗೆಯೂ ಅಷ್ಟೇ. ಎರಡು ಕಡೆಯೂ ಆ ಅಂಕಿ ಇಳಿಜಾರಿನಲ್ಲಿ ನಿಧಾನಕ್ಕೆ ಇಳಿಯಲಿಲ್ಲ, ಕೆಲವೇ ವಾರಗಳಲ್ಲಿ ಧೊಪ್ಪನೆ ಬಿತ್ತು. 2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ, ಆತ್ಮಹತ್ಯೆಯ ಸುದ್ದಿ ಬರತೊಡಗಿದಾಗ ಮತ್ತದೇ ಪ್ರಶ್ನೆ ಎದ್ದಿತು. ನಿನ್ನೆಯವರೆಗೆ ಎಲ್ಲ ಸರಿಯಿತ್ತಲ್ಲ?

ಸರಿಯಿರಲಿಲ್ಲ. ವಸೂಲಿಯ ಅಂಕಿ ಹೇಳುವುದು ಕಂತು ಬಂತೇ ಇಲ್ಲವೇ ಎಂಬುದನ್ನು ಮಾತ್ರ. ಆ ಕಂತಿನ ಹಣ ಎಲ್ಲಿಂದ ಬಂತು ಎಂಬುದು ಅದರಲ್ಲಿ ಕಾಣುವುದಿಲ್ಲ. ಅರ್ಥಶಾಸ್ತ್ರದ 250 ವರ್ಷಗಳ ಚಿಂತನೆಯಲ್ಲಿ ಹಣಕಾಸು ಬಿಕ್ಕಟ್ಟಿನ ಬಗ್ಗೆ ಗಟ್ಟಿಯಾಗಿ ನಿಂತ ಮಾತುಗಳೆಲ್ಲ ಹೆಚ್ಚುಕಮ್ಮಿ ಈ ಎರಡನೇ ಪ್ರಶ್ನೆಯ ಸುತ್ತಲೇ ಇವೆ. ಮರೆಯಾದದ್ದೂ ಪ್ರತಿಸಲ ಅದೇ ಪ್ರಶ್ನೆ.

ಮೊದಲು ಒಂದು ಮನೆಯ ಲೆಕ್ಕ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು, ಗಾತ್ರ ಮಾತ್ರ ಊರಲ್ಲಿ ಕಾಣುವಂಥದ್ದೇ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಒಂದು ಎಕರೆ ಹಿಪ್ಪುನೇರಳೆ ಇರುವ ಮನೆ. ರೇಷ್ಮೆಗೂಡು ಮಾರಿದ ಹಣ, ಕೂಲಿ, ಹಾಲು ಎಲ್ಲ ಸೇರಿ ತಿಂಗಳಿಗೆ ಸರಾಸರಿ 18,000 ರೂಪಾಯಿ. ದಿನಸಿ, ಮಕ್ಕಳ ಫೀಸು, ಔಷಧಿ, ಕರೆಂಟು, ಸೊಪ್ಪಿನ ತೋಟದ ಖರ್ಚು ಕಳೆದರೆ 11,000 ಹೋಗುತ್ತದೆ, 7,000 ಉಳಿಯುತ್ತದೆ. ಈ ಮನೆ 50,000 ರೂಪಾಯಿ ಸಾಲವನ್ನು ಶೇ. 24ರ ಬಡ್ಡಿಗೆ, 24 ತಿಂಗಳಿಗೆ ತಂದರೆ ಕಂತು 2,644 ರೂಪಾಯಿ. ಒಂದು ಸಾಲ ಸಲೀಸು. ಎರಡಾದರೆ ಕಂತು 5,288, ಬಿಗಿಯಾದರೂ ಆಗುತ್ತದೆ. ಮೂರಾದರೆ 7,931. ಈಗ ತಿಂಗಳಿಗೆ 931 ರೂಪಾಯಿ ಕಮ್ಮಿ ಬಿತ್ತು.

ಇಲ್ಲೊಂದು ವಿಚಿತ್ರ. 2022ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಮನೆಯ ಎಲ್ಲ ಸಾಲಗಳ ತಿಂಗಳ ಮರುಪಾವತಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮ ಮನೆಗೆ ಆ ಅರ್ಧ ಎಂದರೆ 9,000. ಮೂರು ಸಾಲದ ಕಂತು 7,931. ನಿಯಮದ ಒಳಗೇ ಇದೆ. ಕಾಗದದ ಮೇಲೆ ಎಲ್ಲ ಸರಿ, ಒಲೆಯ ಹತ್ತಿರ 931 ರೂಪಾಯಿ ಇಲ್ಲ. ಆದಾಯದ ಅರ್ಧ ಎಂಬ ಅಳತೆ ತಿಂಗಳಿಗೆ ಲಕ್ಷ ರೂಪಾಯಿ ದುಡಿಯುವವರಿಗೆ ಸರಿಹೋದೀತು. 18,000 ಬರುವ ಮನೆಯಲ್ಲಿ ಆದಾಯದ ಶೇ. 60ಕ್ಕೂ ಹೆಚ್ಚು ಪಾಲನ್ನು ಮನೆ, ತೋಟದ ಖರ್ಚೇ ನುಂಗುತ್ತದೆ.

ಆ 931 ಮೊದಲು ಅಂಗಡಿಯ ಉದ್ರಿಯಿಂದ ಬರುತ್ತದೆ, ಆಮೇಲೆ ಕೈಸಾಲದಿಂದ, ಆಮೇಲೆ ಗಿರವಿ ಅಂಗಡಿಯಿಂದ. ಕೊನೆಗೆ ನಾಲ್ಕನೇ ಸಂಘದ, ಎಂದರೆ ಇನ್ನೊಂದು ಕಿರುಸಾಲ ಕಂಪನಿಯ, ಸಾಲ. ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸ್ ಮುರಿದುಕೊಂಡು ಕೈಗೆ 49,000 ಬಂತೆನ್ನಿ. ಈಗ ಒಟ್ಟು ಕಂತು 10,574, ಉಳಿಕೆ 7,000, ಕೊರತೆ 3,574. ಹೊಸ ಸಾಲದ 49,000 ರೂಪಾಯಿ ಈ ಕೊರತೆಯನ್ನು 13 ತಿಂಗಳು ತುಂಬುತ್ತದೆ. ಆ 13 ತಿಂಗಳೂ ನಾಲ್ಕು ಕಂಪನಿಗಳ ರಿಜಿಸ್ಟರಿನಲ್ಲಿ ಈ ಮನೆಯ ಮುಂದೆ ಸರಿ ಗುರುತು, ವಸೂಲಿ ಶೇ. 100. ಮನೆ ಮಾತ್ರ ಮೂರನೇ ಸಾಲದ ದಿನವೇ ಕಂತು ಕಟ್ಟುವ ಶಕ್ತಿ ಕಳೆದುಕೊಂಡಿತ್ತು.

ಇದಕ್ಕೆ ಹೆಸರಿಟ್ಟವನು ಅಮೆರಿಕದ ಅರ್ಥಶಾಸ್ತ್ರಜ್ಞ ಹೈಮನ್ ಮಿನ್ಸ್ಕಿ. 1996ರಲ್ಲಿ ತೀರಿಕೊಂಡ ಈತನನ್ನು ಬದುಕಿದ್ದಾಗ ಮುಖ್ಯವಾಹಿನಿಯವರು ಅಷ್ಟಾಗಿ ಓದಲಿಲ್ಲ. 2008ರ ಕುಸಿತದ ಹೊತ್ತಿಗೆ ಎಲ್ಲರ ಬಾಯಲ್ಲೂ ಅವನ ಹೆಸರು. ಸಾಲಗಾರರಲ್ಲಿ ಮೂರು ಬಗೆ ಎಂದ. ದುಡಿಮೆಯಿಂದಲೇ ಅಸಲು ಬಡ್ಡಿ ಎರಡನ್ನೂ ಕಟ್ಟುವವರು ಮೊದಲ ಬಗೆ. ಬಡ್ಡಿ ಕಟ್ಟಬಲ್ಲರು, ಅಸಲಿಗೆ ಮಾತ್ರ ಹೊಸ ಸಾಲ ಬೇಕು ಎನ್ನುವವರು ಎರಡನೆಯ ಬಗೆ. ಬಡ್ಡಿಗೂ ಸಾಲ ಮಾಡಬೇಕಾದವರು ಮೂರನೆಯ ಬಗೆ. ಹೊಸಬರ ಹಣದಲ್ಲಿ ಹಳಬರಿಗೆ ಬಡ್ಡಿ ಕೊಟ್ಟು ವಂಚಿಸಿದ ಪೊಂಜಿಯ ಹೆಸರನ್ನೇ ಅವನು ಈ ಮೂರನೆಯದಕ್ಕೆ ಇಟ್ಟ, ಇಲ್ಲಿ ವಂಚನೆಯ ಉದ್ದೇಶ ಇರಲೇಬೇಕೆಂದಿಲ್ಲ. ನಮ್ಮ ಮನೆ ಎರಡು ಸಾಲದವರೆಗೆ ಮೊದಲ ಬಗೆ. ನಾಲ್ಕು ಸಾಲವಾದಾಗ ಮೊದಲ ತಿಂಗಳ ಬಡ್ಡಿ ಸುಮಾರು 4,000, ಉಳಿಕೆ 7,000, ಆದ್ದರಿಂದ ಎರಡನೆಯ ಬಗೆ. ಈಗ ಗೂಡಿನ ಬೆಲೆ ಬಿದ್ದು ಉಳಿಕೆ 7,000ದಿಂದ 3,000ಕ್ಕೆ ಇಳಿಯಿತು ಎನ್ನಿ. ಯಾರೂ ಹೊಸದಾಗಿ ಒಂದು ರೂಪಾಯಿ ಸಾಲ ಮಾಡಿಲ್ಲ, ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೂ ಮನೆ ಮೂರನೆಯ ಬಗೆಗೆ ಜಾರಿತು. 49,000 ರೂಪಾಯಿ ಈಗ 13 ತಿಂಗಳಲ್ಲ, ಆರು ತಿಂಗಳಿಗೇ ಮುಗಿಯುತ್ತದೆ.

ಮಿನ್ಸ್ಕಿಯ ಅಸಲಿ ಮಾತು ಇದರಾಚೆ ಇದೆ. ಒಳ್ಳೆಯ ಕಾಲವೇ ಕೆಟ್ಟ ಸಾಲವನ್ನು ಸಾಕುತ್ತದೆ ಎಂಬುದು ಅವನ ವಾದ. ಮೂರು ವರ್ಷ ಎಲ್ಲರೂ ಕಟ್ಟಿದರೆ ಸಾಲ ಕೊಡುವವನ ಭಯ ಕಳೆಯುತ್ತದೆ. ಶಾಖೆಗೆ ಟಾರ್ಗೆಟ್ ಏರುತ್ತದೆ. 30,000 ಕೊಡುತ್ತಿದ್ದ ಕಡೆ 50,000, ಆಮೇಲೆ ಹಳೇ ಸಾಲದ ಮೇಲೆ ಟಾಪ್-ಅಪ್. ಮನೆಗೆ ಬಂದು ಒಲೆ, ಹಸು, ತೋಟ ನೋಡಿ ಬರೆದುಕೊಳ್ಳುತ್ತಿದ್ದ ಫೀಲ್ಡ್ ಆಫೀಸರ್ ಈಗ ಆಧಾರ್ ನಂಬರ್ ಒತ್ತಿ, ಕಂತು ಕಟ್ಟಿದ ದಾಖಲೆಗೆ ಸಿಕ್ಕ ಸ್ಕೋರ್ ನೋಡುತ್ತಾನೆ. ಸ್ಕೋರ್ ಚೆನ್ನಾಗಿರುತ್ತದೆ. ಕಂತು ತಪ್ಪಿಲ್ಲವಲ್ಲ!

ಇದೇ ಕಾಯಿಲೆಯನ್ನು ಮಿನ್ಸ್ಕಿಗಿಂತ 200 ವರ್ಷ ಮೊದಲೇ ಕಂಡವನು ಆಡಂ ಸ್ಮಿತ್. ಅವನೆಂದರೆ ಕಣ್ಣಿಗೆ ಕಾಣದ ಕೈ, ಮುಕ್ತ ಮಾರುಕಟ್ಟೆ, ಅಷ್ಟೇ ಎಂದುಕೊಂಡವರು 1776ರ ಅವನ ‘ವೆಲ್ತ್ ಆಫ್ ನೇಷನ್ಸ್’ನ ಎರಡನೇ ಭಾಗದಲ್ಲಿರುವ ಬ್ಯಾಂಕಿನ ಅಧ್ಯಾಯ ಓದಿರುವುದಿಲ್ಲ. 1769ರಲ್ಲಿ ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ಒಂದು ಬ್ಯಾಂಕ್ ಶುರುವಾಯಿತು. ಕೃಷಿ ಸುಧಾರಣೆಗೆ ಧಾರಾಳವಾಗಿ ಸಾಲ ಕೊಡುವುದು ಅದರ ಘೋಷಿತ ಉದ್ದೇಶ. 1772ರ ಜೂನ್‌ನಲ್ಲಿ ಲಂಡನ್ನಿನ ಒಬ್ಬ ಬ್ಯಾಂಕರ್ ದಿವಾಳಿಯೆದ್ದು ಓಡಿಹೋದ. ಆ ಹೊಡೆತಕ್ಕೆ ಏರ್ ಬ್ಯಾಂಕೂ ಬಿತ್ತು. ಅದರ ಪಾಲುದಾರರ ಹೊಣೆಗೆ ಮಿತಿ ಇರಲಿಲ್ಲವಾದ್ದರಿಂದ ಜಮೀನುದಾರರು ಆಸ್ತಿ ಕಳೆದುಕೊಂಡರು. ಸ್ಮಿತ್‌ನ ಪೋಷಕನಾಗಿದ್ದ ಡ್ಯೂಕ್ ಕೂಡ ಆ ಪಾಲುದಾರರಲ್ಲಿ ಒಬ್ಬ. ಸ್ಮಿತ್ ಬರೆದದ್ದು ಹತ್ತಿರದಿಂದ ನೋಡಿದ ಸಂಕಟದ ಬಗ್ಗೆ.

ಅವನು ಬಿಡಿಸಿಟ್ಟ ತಂತ್ರ ಹೀಗಿದೆ. ಎಡಿನ್‌ಬರೋದ ವ್ಯಾಪಾರಿ ಲಂಡನ್ನಿನ ಸ್ನೇಹಿತನ ಮೇಲೆ ಎರಡು ತಿಂಗಳ ಹುಂಡಿ (ಗಡುವಿಗೆ ಹಣ ಕೊಡಬೇಕೆಂಬ ಪತ್ರ) ಬರೆದು ಬ್ಯಾಂಕಿನಲ್ಲಿ ಮುರಿಸಿ ಹಣ ಪಡೆಯುತ್ತಾನೆ. ಗಡುವಿಗೆ ಮುಂಚೆ ಲಂಡನ್ನಿನವನು ಇವನ ಮೇಲೆ ಇನ್ನೊಂದು ಹುಂಡಿ ಬರೆದು ಮೊದಲನೆಯದನ್ನು ತೀರಿಸುತ್ತಾನೆ. ಅದರ ಗಡುವಿಗೆ ಮತ್ತೊಂದು. ಪ್ರತಿಸಲವೂ ಕಮಿಷನ್ ಕನಿಷ್ಠ ಅರ್ಧ ಪರ್ಸೆಂಟು. ವರ್ಷಕ್ಕೆ ಆರು ಸಲ ತಿರುವಿದರೆ ಶೇ. 5ರ ಬಡ್ಡಿಯ ಮೇಲೆ ಇನ್ನೂ ಶೇ. 3. ಕಾಗದದ ಮೇಲೆ ಶೇ. 5ರ ಸಾಲ, ನಿಜದಲ್ಲಿ ಶೇ. 8ಕ್ಕೂ ಹೆಚ್ಚು. ಇವತ್ತು ಹಳೇ ಸಾಲ ಮುಗಿಯುವ ಮುಂಚೆಯೇ ಹೊಸದಕ್ಕೆ ತಿರುವಿ ಪ್ರತಿಸಲ ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸ್ ಮುರಿದುಕೊಳ್ಳುವುದು ಇದೇ ಹುಂಡಿಯ ಹೊಸ ಅವತಾರ.

ಬ್ಯಾಂಕಿಗೆ ಇದು ಗೊತ್ತಾಗಲಿಲ್ಲವೇ? ಒಬ್ಬನೇ ಬ್ಯಾಂಕರನ ಹತ್ತಿರ ತಿರುವುತ್ತಿದ್ದರೆ ಅವನಿಗೆ ಗೊತ್ತಾಗುತ್ತಿತ್ತು, ಆದರೆ ಒಮ್ಮೆ ಇವನ ಹತ್ತಿರ, ಒಮ್ಮೆ ಅವನ ಹತ್ತಿರ ಹೋದರೆ ಯಾವುದು ಅಸಲಿ ವ್ಯಾಪಾರದ ಹುಂಡಿ, ಯಾವುದು ಬರೀ ಸುತ್ತು ಹಾಕುವ ಹುಂಡಿ ಎಂದು ಹೇಳುವುದು ಕಷ್ಟ ಎನ್ನುತ್ತಾನೆ ಸ್ಮಿತ್. ಗೊತ್ತಾದ ಮೇಲೂ ಬ್ಯಾಂಕರ್ ತಟ್ಟನೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸಾಲಗಾರ ಮುಳುಗುತ್ತಾನೆ, ಅವನ ಜೊತೆ ತಾನೂ ಮುಳುಗಬೇಕು. ಆದ್ದರಿಂದ ಸ್ವಲ್ಪ ಕಾಲ ನಡೆಸಿಕೊಂಡು ಹೋಗುತ್ತಾನೆ. ನಾಲ್ಕು ಸಂಘದ ಸಾಲವಿರುವ ಬೀದಿಯ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಸ್ಮಿತ್ ಕೊಟ್ಟ ಹೋಲಿಕೆಯನ್ನು ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯ ಬ್ಯಾಂಕಿನ ತಿಜೋರಿ ಕೆರೆಯಿದ್ದಂತೆ. ಒಂದು ಕಡೆ ನೀರು ಹೊರಗೆ ಹರಿಯುತ್ತಿದ್ದರೂ ಇನ್ನೊಂದು ಕಡೆಯಿಂದ ಅಷ್ಟೇ ನೀರು ಒಳಗೆ ಬರುತ್ತಿರುತ್ತದೆ, ಯಾರೂ ಮುತುವರ್ಜಿ ವಹಿಸದಿದ್ದರೂ ಮಟ್ಟ ಹಾಗೇ ಇರುತ್ತದೆ. ಏರ್ ಬ್ಯಾಂಕಿನದು ಒಳಹರಿವೇ ಇಲ್ಲದ ಕೆರೆ. ಅದನ್ನು ತುಂಬಿಡಲು ಮೈಲಿಗಟ್ಟಲೆ ದೂರದ ಬಾವಿಯಿಂದ ಬಕೆಟ್‌ನಲ್ಲಿ ನೀರು ಹೊತ್ತು ತರುವ ಆಳುಗಳನ್ನು ನೇಮಿಸಿದಂತಾಯಿತು ಅವರ ಉಪಾಯ. ಏರಿಯ ಮೇಲೆ ನಿಂತು ನೋಡುವವನಿಗೆ ಎರಡೂ ಕೆರೆ ತುಂಬಿಯೇ ಕಾಣುತ್ತವೆ. ವಸೂಲಿ ಶೇ. 99 ಎಂಬುದು ಏರಿಯ ಮೇಲಿನ ನೋಟ. ರಾಜಕಾಲುವೆಯಲ್ಲಿ ನೀರಿದೆಯೇ ಎಂದು ಕೆಳಗಿಳಿದು ನೋಡಿದವರು ಕಡಿಮೆ.

ಇವತ್ತು ಆ ಕಾಲುವೆ ನೋಡಲು ದೇಶದಲ್ಲಿ, ಸಾಲಗಾರರ ದಾಖಲೆ ಇಡುವ ನಾಲ್ಕು ಕ್ರೆಡಿಟ್ ಬ್ಯೂರೋಗಳಿವೆ. ಸಾಲ ಕೊಟ್ಟವರು 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ 2025ರ ಜನವರಿಯಿಂದ ಬಂತು, ಮೊದಲು ತಿಂಗಳಿಗೊಮ್ಮೆ ಇತ್ತು. ಒಂದೇ ವಾರದಲ್ಲಿ ಮೂರು ಕಡೆ ಸಾಲ ಎತ್ತಿದರೆ ಮೂವರಿಗೂ ಒಬ್ಬರ ಸಾಲ ಇನ್ನೊಬ್ಬರಿಗೆ ಕಾಣದ ಕಿಂಡಿ ಸಣ್ಣದಾಗಿದೆ, ಮುಚ್ಚಿಲ್ಲ. ಚೀಟಿಯ ಬಾಕಿ, ಮೀಟರ್ ಬಡ್ಡಿ, ಅಂಗಡಿ ಉದ್ರಿ, ಅಕ್ಕಪಕ್ಕದ ಕೈಸಾಲ ಯಾವ ಬ್ಯೂರೋದಲ್ಲೂ ಇಲ್ಲ. ಕೊರತೆಯ ಮೊದಲ 931 ರೂಪಾಯಿ ಬರುವುದೇ ಅಲ್ಲಿಂದ. ಎಂದರೆ ತೊಂದರೆ ಶುರುವಾಗುವ ಜಾಗವೇ ಬ್ಯೂರೋ ಕಣ್ಣಿಗೆ ಬೀಳದ ಜಾಗ.

ಬಡ್ಡಿಗೆ ಮಿತಿ ಹಾಕಬೇಕೇ ಎಂಬ ಜಗಳವೂ ಹಳೆಯದೇ. ಹಾಕಬೇಕು ಎಂದ ಸ್ಮಿತ್. ಕಾನೂನಿನ ಮಿತಿ ಮಾರುಕಟ್ಟೆಯ ಕನಿಷ್ಠ ದರಕ್ಕಿಂತ ಸ್ವಲ್ಪ ಮೇಲಿರಲಿ, ತೀರಾ ಮೇಲಿಟ್ಟರೆ ಅಷ್ಟು ಬಡ್ಡಿ ಕೊಡಲು ಮುಂದಾಗುವವರು ದುಂದುಗಾರರು, ಗಾಳಿಗೋಪುರ ಕಟ್ಟುವವರು ಮಾತ್ರ. ದುಡ್ಡೆಲ್ಲ ಅವರ ಕೈ ಸೇರುತ್ತದೆ ಎಂಬುದು ಅವನ ಕಾರಣ. 1787ರಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಬಡ್ಡಿಯ ಪರವಾಗಿ ಪುಸ್ತಕವನ್ನೇ ಬರೆದು ಸ್ಮಿತ್‌ಗೆ ಎದುರು ನಿಂತ. ಮಿತಿ ಹಾಕಿದರೆ ಬಡವನಿಗೆ ಸಾಲವೇ ಹುಟ್ಟುವುದಿಲ್ಲ, ಕದ್ದುಮುಚ್ಚಿ ಇನ್ನೂ ಹೆಚ್ಚಿನ ಬಡ್ಡಿಗೆ ತರಬೇಕಾಗುತ್ತದೆ ಎಂದ. ಆಂಧ್ರದ ಕುಸಿತದ ನಂತರ ರಿಸರ್ವ್ ಬ್ಯಾಂಕಿನದೇ ಮಾಲೇಗಾಂ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ ರಿಸರ್ವ್ ಬ್ಯಾಂಕ್ ಶೇ. 26ರ ಮಿತಿ ಹಾಕಿದಾಗ ಗೆದ್ದದ್ದು ಸ್ಮಿತ್. ಮಿತಿಯ ಸೂತ್ರ ಬದಲಾಗುತ್ತ ಬಂದು 2022ರ ಏಪ್ರಿಲ್ 1ರಿಂದ ಮಿತಿಯೇ ಇಲ್ಲವಾಗಿ, ವಿಪರೀತ ಬಡ್ಡಿ ಕೂಡದು ಎಂಬ ಮಾತಷ್ಟೇ ಉಳಿದಾಗ ಗೆದ್ದದ್ದು ಬೆಂಥಮ್. ನಮ್ಮ ಲೆಕ್ಕದ ಮನೆಗೆ ಇಬ್ಬರಿಂದಲೂ ಪೂರಾ ಉಪಕಾರವಿಲ್ಲ. ಬಡ್ಡಿ ಶೇ. 24ರಿಂದ 18ಕ್ಕೆ ಇಳಿದರೂ 50,000ದ ಕಂತು 2,644ರಿಂದ ಸುಮಾರು 2,496ಕ್ಕೆ ಬರುತ್ತದೆ, ಅಷ್ಟೇ. ಮೂರು ಸಾಲಕ್ಕೆ 7,489. ಕೊರತೆ ಆಗಲೂ 489 ಇದ್ದೇ ಇದೆ. ಕಂತನ್ನು ಭಾರ ಮಾಡುವುದು ಬಡ್ಡಿಗಿಂತ ಹೆಚ್ಚಾಗಿ ಸಾಲದ ಮೊತ್ತ ಮತ್ತು ಅವಧಿ. ಬಡ್ಡಿಯ ಗದ್ದಲದಲ್ಲಿ ಈ ಮಾತು ಯಾವಾಗಲೂ ಹಿಂದೆ ಸರಿಯುತ್ತದೆ.

ಗುಂಪು ಸಾಲಕ್ಕೆ ಬರೋಣ. ಕೇಳಿದವರಿಗೆಲ್ಲ ಬ್ಯಾಂಕು ಸಾಲ ಕೊಡದಿರುವುದಕ್ಕೆ ಕಾರಣ ಮಾಹಿತಿಯ ಕೊರತೆ ಎಂದು ಅರ್ಥಶಾಸ್ತ್ರಜ್ಞರಾದ ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಆಂಡ್ರ್ಯೂ ವೈಸ್ 1981ರಲ್ಲಿ ವಿವರಿಸಿದರು. ಬ್ಯಾಂಕಿಗೆ ಗೊತ್ತಿಲ್ಲದ್ದು ಪಕ್ಕದ ಮನೆಯವಳಿಗೆ ಗೊತ್ತಿರುತ್ತದೆ. ಐದರಿಂದ ಹತ್ತು ಜನರ ಗುಂಪಿಗೆ ಜಂಟಿ ಹೊಣೆ ಹೊರಿಸಿದರೆ ಅವಳೇ ಕಾವಲು ಕಾಯುತ್ತಾಳೆ. ಇದು ಕೆಲಸ ಮಾಡುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಗುಂಪಿನಲ್ಲಿ ಒಬ್ಬಳಿಗೆ ಕಷ್ಟ ಬಂದಾಗ ಉಳಿದವರು ಚೆನ್ನಾಗಿರಬೇಕು. ರೇಷ್ಮೆ ಊರಿನಲ್ಲಿ ಒಂದು ಬೀದಿಯ ಹತ್ತು ಮನೆಯೂ ಒಂದೇ ಬೆಲೆಯನ್ನು ನಂಬಿವೆ. ಒಬ್ಬಳು ಗೂಡು ಬೆಳೆಯುತ್ತಾಳೆ, ಇನ್ನೊಬ್ಬಳು ರೀಲರ್ ಹತ್ತಿರ ನೂಲು ತೆಗೆಯುತ್ತಾಳೆ, ಮತ್ತೊಬ್ಬಳ ಗಂಡ ಗೂಡಿನ ಮೂಟೆ ಸಾಗಿಸುತ್ತಾನೆ. ಬೆಲೆ ಬಿದ್ದರೆ ಹತ್ತೂ ಮನೆ ಒಂದೇ ದಿನ ಬೀಳುತ್ತವೆ. ಆಗ ಜಂಟಿ ಹೊಣೆ ಎಂದರೆ ಈಜು ಬಾರದವರ ಕೈಗೆ ಕೈ ಕಟ್ಟಿ ನೀರಿಗೆ ಇಳಿಸಿದ ಹಾಗೆ.

ಇನ್ನೊಂದು ತೊಡಕು ಕಂತಿನ ಲಯದ್ದು. ಚಾಕಿ ಕಟ್ಟಿದ ಮೇಲೆ, ಎಂದರೆ ಮರಿಹುಳ ಸಾಕಲು ತೊಡಗಿದ ಮೇಲೆ, ಹುಳ ಹಣ್ಣಾಗಿ ಗೂಡು ಕಟ್ಟುವವರೆಗೆ ತಿಂಗಳ ಆಸುಪಾಸು. ಸೊಪ್ಪು ಮತ್ತೆ ಚಿಗುರಬೇಕು, ಹುಳುಮನೆ ಸೋಂಕು ತೊಳೆಯಬೇಕು. ಹೀಗೆ ವರ್ಷಕ್ಕೆ ಐದಾರು ಬೆಳೆ, ಐದಾರು ಸಲ ದೊಡ್ಡ ಹಣ. ಕಂತು ಮಾತ್ರ ವಾರಕ್ಕೊಮ್ಮೆ, ಇಲ್ಲವೇ ತಿಂಗಳಿಗೊಮ್ಮೆ. ಒಂದು ಬೆಳೆಗೆ ಹಾಲುತೊಂಡೆ ರೋಗ ಹೊಡೆದರೆ ಎರಡು ತಿಂಗಳ ಆದಾಯವೇ ಇಲ್ಲ. ಸರಾಸರಿ 18,000 ಎಂಬ ನಮ್ಮ ಲೆಕ್ಕವೂ ಈ ಅರ್ಥದಲ್ಲಿ ಮೆತ್ತಗಿನ ಲೆಕ್ಕವೇ.

2009ರ ಆರಂಭದಲ್ಲಿ ಕೋಲಾರದಲ್ಲಿ ಹೀಗೆ ಬಿಗಿದಿದ್ದ ಹಗ್ಗ ತುಂಡಾಯಿತು. ಸ್ಥಳೀಯ ಅಂಜುಮನ್ ಸಮಿತಿ ಕಿರುಸಾಲದ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟಿತು. ಮರುಪಾವತಿ ನಿಂತದ್ದು ಶಿಡ್ಲಘಟ್ಟ, ರಾಮನಗರ, ಮೈಸೂರಿಗೂ ಹಬ್ಬಿತು. ಕಂಪನಿಗಳು ಇದನ್ನು ಧಾರ್ಮಿಕ ಮುಖಂಡರ ಕಿತಾಪತಿ ಎಂದವು. ಕರೆ ಕೊಟ್ಟವರು ಕಿಡಿ ಹಚ್ಚಿದರು ಎಂಬುದು ನಿಜ. ಆದರೆ ಆ ಊರುಗಳ ಪಟ್ಟಿ ನೋಡಿದರೆ ರೇಷ್ಮೆಯ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ. ಒಂದೇ ಮನೆಗೆ ಹಲವು ಸಾಲ ಆಗಲೇ ಹೊಕ್ಕಿತ್ತು. ಒಣಗಿದ ಹುಲ್ಲಿಲ್ಲದ ಕಡೆ ಕಿಡಿ ಬಿದ್ದರೆ ಆರಿಹೋಗುತ್ತದೆ.

ಬೆಂಕಿ ಅಷ್ಟು ಬೇಗ ಹಬ್ಬಿದ್ದು ಯಾಕೆ ಎಂಬುದಕ್ಕೂ ಉತ್ತರವಿದೆ. 1983ರಲ್ಲಿ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್‌ವಿಗ್ ಬ್ಯಾಂಕಿಗೆ ಠೇವಣಿದಾರರು ಮುಗಿಬೀಳುವುದನ್ನು ವಿವರಿಸಿದರು. 2022ರಲ್ಲಿ ಅವರಿಗೆ ನೊಬೆಲ್ ಬಂತು. ಬೇರೆಯವರು ಹಣ ತೆಗೆಯುತ್ತಾರೆ ಎಂದು ನಂಬಿದವನಿಗೆ ತಾನೂ ಓಡುವುದೇ ಜಾಣತನ, ಬ್ಯಾಂಕು ಗಟ್ಟಿಯಾಗಿದ್ದರೂ ಅಷ್ಟೇ. ಕಿರುಸಾಲದಲ್ಲಿ ಈ ಓಟ ತಿರುಗುಮುರುಗು. ಕಂತು ಕಟ್ಟಲು ದೊಡ್ಡ ಕಾರಣ ಮುಂದಿನ ಸಾಲದ ಆಸೆ. ಎಲ್ಲರೂ ಕಟ್ಟುವುದು ಬಿಟ್ಟರೆ ಕಂಪನಿ ಊರು ಬಿಡುತ್ತದೆ, ಮುಂದಿನ ಸಾಲ ಬರುವುದಿಲ್ಲ. ಹಾಗಿದ್ದ ಮೇಲೆ ನಾನೊಬ್ಬಳೇ ಯಾಕೆ ಕಟ್ಟಲಿ? ಕೋಲಾರದಲ್ಲಿ ಇದು ನಡೆದ 2009ರಲ್ಲೇ ಫಿಲಿಪ್ ಬಾಂಡ್ ಮತ್ತು ಅಶೋಕ್ ರೈ ಇಂಥ ಸಾಲಗಾರರ ಓಟದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಎಂದರೆ ಓಟಕ್ಕೆ ಪಿತೂರಿಯೇ ಬೇಕೆಂದಿಲ್ಲ. ಕಂತು ಕಟ್ಟಲು ಎಲ್ಲರೂ ಸೇರುವ ಸೆಂಟರ್ ಮೀಟಿಂಗಿನಲ್ಲಿ ಮೂರು ಖಾಲಿ ಜಾಗ ಕಂಡರೆ ಸಾಕು.

ಬೆಲೆ ಕುಸಿತ ಸಾಲವನ್ನು ಹೇಗೆ ಉಬ್ಬಿಸುತ್ತದೆ ಎಂಬುದನ್ನು ಹೇಳಿದವನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್. ಷೇರು ಬೆಲೆ ಶಾಶ್ವತವಾಗಿ ಎತ್ತರದ ಪ್ರಸ್ಥಭೂಮಿ ತಲುಪಿದೆ ಎಂದು 1929ರ ಅಕ್ಟೋಬರ್‌ನಲ್ಲಿ ಹೇಳಿ, ಅದೇ ತಿಂಗಳು ಮಾರುಕಟ್ಟೆ ಕುಸಿದು, ಸ್ವಂತ ಆಸ್ತಿಯನ್ನೇ ಕಳೆದುಕೊಂಡವನು ಈತ. ಪೆಟ್ಟು ತಿಂದ ಮೇಲೆ 1933ರಲ್ಲಿ ಬರೆದದ್ದು ಅವನ ಅತ್ಯುತ್ತಮ ಪ್ರಬಂಧ. ಎಲ್ಲರೂ ಒಟ್ಟಿಗೆ ಸಾಲ ತೀರಿಸಲು ಹೊರಟರೆ ಎಲ್ಲರೂ ಒಟ್ಟಿಗೆ ಮಾರುತ್ತಾರೆ, ಬೆಲೆ ಬೀಳುತ್ತದೆ, ತೀರಿಸಿದಷ್ಟೂ ಬಾಕಿಯ ಭಾರ ಹೆಚ್ಚುತ್ತದೆ. ಕೋಲಾರದ ಟೊಮೆಟೊ ಮಂಡಿಯಲ್ಲಿ ಇದನ್ನು ಬಾಕ್ಸಿನಲ್ಲೇ ಅಳೆಯಬಹುದು. 15 ಕೆ.ಜಿ. ಬಾಕ್ಸಿಗೆ 600 ರೂಪಾಯಿ ಇದ್ದಾಗ 7,931ರ ಕಂತು ಎಂದರೆ ಸುಮಾರು 13 ಬಾಕ್ಸು. ಬಾಕ್ಸು 100ಕ್ಕೆ ಇಳಿದರೆ ಸುಮಾರು 79 ಬಾಕ್ಸು. ಅದೂ ಕೀಳುವ ಕೂಲಿ, ಟೆಂಪೋ ಬಾಡಿಗೆ, ಕಮಿಷನ್ ಕಳೆಯುವುದಕ್ಕೆ ಮುಂಚಿನ ಲೆಕ್ಕ. ಅವನ್ನೂ ಕಳೆದರೆ ಹಣ್ಣನ್ನು ಗಿಡದಲ್ಲೇ ಬಿಡುವುದು ಲಾಭ. ಸಾಲದ ಪತ್ರದಲ್ಲಿ ಮಾತ್ರ ಒಂದು ಪೈಸೆಯೂ ಬದಲಾಗಿಲ್ಲ.

ಬೆಲೆ ಹಾಗೆ ಬೀಳುವುದಕ್ಕೂ ಒಂದು ಹಳೆಯ ವಿವರಣೆಯಿದೆ. ಇಂದಿನ ಬೆಲೆ ನೋಡಿ ನಾಟಿ ಮಾಡಿದರೆ ಫಸಲು ಬರುವ ಹೊತ್ತಿಗೆ ಎಲ್ಲರ ಫಸಲೂ ಒಟ್ಟಿಗೆ ಬರುತ್ತದೆ. ಬೆಲೆ ಮತ್ತು ಬೆಳೆ ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುವ ಈ ಚಿತ್ರ ಜೇಡರ ಬಲೆಯಂತೆ ಕಾಣುತ್ತದೆಂದು ನಿಕೋಲಸ್ ಕಾಲ್ಡೋರ್ 1934ರಲ್ಲಿ ಅದಕ್ಕೆ ಆ ಹೆಸರನ್ನೇ ಕೊಟ್ಟ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸು 2,000 ದಾಟಿತು, ನಾಟಿ ಹುಚ್ಚೆದ್ದಿತು, ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿತು. ಸಸಿ, ಮಲ್ಚಿಂಗ್ ಶೀಟು, ಕಡ್ಡಿ, ದಾರ, ಔಷಧಿಗೆ ಸಾಲ ಹುಟ್ಟುವುದು ಬೆಲೆ ಮೇಲಿದ್ದಾಗಲೇ, ಯಾಕೆಂದರೆ ಕೊಡುವವನೂ ಅದೇ ಬೆಲೆಯನ್ನೇ ನೋಡುತ್ತಿರುತ್ತಾನೆ. ಸುಲಭ ಸಾಲ ಬಂಡವಾಳವನ್ನು ತಪ್ಪು ಜಾಗದಲ್ಲಿ ಹೂಳುತ್ತದೆ ಎಂಬ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಹಾಯೆಕ್‌ನ ವಾದಕ್ಕೆ ಈ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿ ನೀರು ಸಿಗದ ಕೊಳವೆಬಾವಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಟೊಮೆಟೊ ಮುಂದಿನ ವರ್ಷ ಬಿಡಬಹುದು. ತೋಡಿದ ತೂತನ್ನು ವಾಪಸು ಕೊಡಲಾಗದು.

1930ರ ದಶಕದಲ್ಲಿ ಫಿಶರ್ ಹೇಳಿದ ಕಥೆ ಈ ನೆಲದಲ್ಲೂ ನಡೆಯಿತು, ಒಂದು ವ್ಯಂಗ್ಯದ ಜೊತೆ. ಧಾನ್ಯದ ಬೆಲೆ ದೇಶದಾದ್ಯಂತ ಅರ್ಧದಷ್ಟು ಕುಸಿದಿತ್ತು. ಅಗ್ಗದ ವಿದೇಶಿ ರೇಷ್ಮೆ ಬಂದು ಮೈಸೂರು ರೇಷ್ಮೆಯನ್ನು ಹಿಂಡುತ್ತಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ಪದ್ಧತಿ ಬಿಟ್ಟಾಗ ಚಿನ್ನದ ಬೆಲೆ ಏರಿತು. ಕೆಜಿಎಫ್ ಗಣಿಗಳಿಗೆ ಅದು ಒಳ್ಳೆಯ ಕಾಲ. ಅದೇ ಹೊತ್ತಿಗೆ ದೇಶದ ಹಳ್ಳಿಗಳಿಂದ ಹೆಂಗಸರ ಕೊರಳ ಚಿನ್ನ ಸಾಲಕ್ಕೆ, ಕಂದಾಯಕ್ಕೆ ಕರಗಿ ಹಡಗು ಹತ್ತಿ ಹೊರಟಿತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1934ರಲ್ಲಿ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್‌ನ ದೊಡ್ಡ ಗ್ರಂಥಕ್ಕಿಂತ ಎರಡು ವರ್ಷ ಮುಂಚೆ. ಕೇನ್ಸ್‌ನಿಂದ ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ ಎಳೆ: ಒಂದು ಬೀದಿಯವರೆಲ್ಲ ಕಂತಿಗಾಗಿ ಖರ್ಚು ಬಿಗಿ ಹಿಡಿದರೆ ಆ ಬೀದಿಯ ಅಂಗಡಿಯವನ, ಟೈಲರನ, ಆಟೋದವನ ಆದಾಯವೂ ಬೀಳುತ್ತದೆ, ಅವರ ಮನೆಯಲ್ಲೂ ಕಂತಿದೆ.

ಇನ್ನು ಕೊನೆಯ ಹಂತ, ಹಣದ ನಲ್ಲಿ ನಿಲ್ಲುವುದು. 1866ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಹಣಕಾಸು ಸಂಸ್ಥೆ ಬಿದ್ದ ಮೇಲೆ ಬ್ರಿಟಿಷ್ ಪತ್ರಕರ್ತ ವಾಲ್ಟರ್ ಬೇಜಟ್ 1873ರಲ್ಲಿ ಬರೆದ ಸಲಹೆಯನ್ನು ಇಂದಿಗೂ ಕೇಂದ್ರ ಬ್ಯಾಂಕುಗಳು ಪಠಿಸುತ್ತವೆ. ಗಾಬರಿಯ ಹೊತ್ತಿನಲ್ಲಿ ಒಳ್ಳೆಯ ಅಡಮಾನ ತಂದವರಿಗೆ ಧಾರಾಳವಾಗಿ, ಆದರೆ ಹೆಚ್ಚಿನ ಬಡ್ಡಿಗೆ ಸಾಲ ಕೊಡಿ ಎಂಬುದು ಅದರ ತಿರುಳು. ಕಿರುಸಾಲ ಕಂಪನಿಗಳು ಠೇವಣಿ ತೆಗೆದುಕೊಳ್ಳುವಂತಿಲ್ಲ. ಬ್ಯಾಂಕಿನಿಂದ ತಂದು ಹಳ್ಳಿಗೆ ಕೊಡುತ್ತವೆ. ಬೇಜಟ್‌ನ ಸಲಹೆಯ ಫಲ ಬ್ಯಾಂಕಿನವರೆಗೆ ಬರುತ್ತದೆ, ಸೆಂಟರ್ ಮೀಟಿಂಗಿನ ಚಾಪೆಯವರೆಗೆ ಇಳಿಯುವುದಿಲ್ಲ. 2010ರ ಅಕ್ಟೋಬರ್‌ನಲ್ಲಿ ಕಿರುಸಾಲ ವಸೂಲಿಗೆ ಕಡಿವಾಣ ಹಾಕುವ ಆಂಧ್ರದ ಸುಗ್ರೀವಾಜ್ಞೆ ಬಂದ ಮೇಲೆ ಬ್ಯಾಂಕುಗಳು ದೇಶದಾದ್ಯಂತ ಈ ಕಂಪನಿಗಳಿಗೆ ಸಾಲವನ್ನು ಬಹುಮಟ್ಟಿಗೆ ನಿಲ್ಲಿಸಿದವು. ಹೊಸ ಸಾಲದಿಂದ ಹಳೇ ಕಂತು ಕಟ್ಟುತ್ತಿದ್ದ ಮನೆಗಳಲ್ಲಿ ಕಂತು ನಿಂತಿತು. ಬಕೆಟ್ ಹೊರುವವರು ಕೈಬಿಟ್ಟ ದಿನವೇ ಕೆರೆಯ ತಳ ಕಂಡದ್ದು.

ಕರ್ನಾಟಕದಲ್ಲಿ 2024ರ ಕೊನೆಯಿಂದ ಆದದ್ದರಲ್ಲೂ ಇದರ ಪಾಲಿದೆ. ಕಿರುಸಾಲ ಸಂಸ್ಥೆಗಳ ಸ್ವಯಂ ನಿಯಂತ್ರಣ ಒಕ್ಕೂಟವೇ ಒಬ್ಬ ಸಾಲಗಾರಳಿಗೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳು ಬೇಡ, ಒಟ್ಟು ಬಾಕಿ 2 ಲಕ್ಷ ಮೀರಬಾರದು ಎಂಬ ಮಿತಿ ತಂದಿತು. ಮೂರು ಸಂಸ್ಥೆಯ ಮಿತಿ 2025ರ ಏಪ್ರಿಲ್‌ನಿಂದ ಜಾರಿಯಾಯಿತು. ಮಿತಿ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕನೇ ಸಾಲದಿಂದ ಮೂರರ ಕಂತು ಕಟ್ಟುತ್ತಿದ್ದವಳಿಗೆ ಅದು ಏಣಿಯ ಕೆಳಗಿನ ಮೆಟ್ಟಿಲು ತೆಗೆದಂತೆ. ಔಷಧಿ ಸರಿ, ಕೊಟ್ಟ ವೇಗ ತಪ್ಪು. ಹೊಸ ಸಾಲ ನಿಲ್ಲಿಸುವ ದಿನವೇ ಹಳೇ ಸಾಲದ ಅವಧಿ ಹಿಗ್ಗಿಸಬೇಕಿತ್ತು. ಮೂರು ಸಾಲವನ್ನೂ 24ರ ಬದಲು 36 ತಿಂಗಳಿಗೆ ಹರಡಿದ್ದರೆ ಅದೇ ಶೇ. 24ರ ಬಡ್ಡಿಗೆ ಕಂತು 7,931ರಿಂದ 5,885ಕ್ಕೆ ಬರುತ್ತಿತ್ತು. ಒಟ್ಟು ಬಡ್ಡಿ ಹೆಚ್ಚಾಗುತ್ತದೆ, ನಿಜ. ಆದರೆ ಆ ಮನೆ ಮತ್ತೆ ಮಿನ್ಸ್ಕಿಯ ಮೊದಲ ಬಗೆಗೆ ವಾಪಸು ಬಂದಿರುತ್ತಿತ್ತು.

ರಾಜ್ಯ ಸರ್ಕಾರ 2025ರ ಫೆಬ್ರುವರಿ 12ರಂದು ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮನ್ನಾ ಎಂದಿತು. ರಾತ್ರಿ ಮನೆ ಮುಂದೆ ಕೂತು ಮಾನ ಕಳೆಯುವವರಿಗೆ ಇಂಥ ಕಾನೂನು ಬೇಕೇ ಬೇಕು. ಅದು ಬಿಕ್ಕಟ್ಟಿನ ಕೊನೆಯ ಅಂಕಕ್ಕೆ ಬರೆದ ಕಾನೂನು ಎಂಬುದನ್ನು ಮಾತ್ರ ಮರೆಯಬಾರದು. ಮೂರನೇ ಸಾಲಕ್ಕೆ ಸಹಿ ಹಾಕಿಸುವಾಗ ಯಾರೂ ಯಾರನ್ನೂ ಬಲವಂತ ಮಾಡಿರುವುದಿಲ್ಲ, ಆ ಮೀಟಿಂಗಿನಲ್ಲಿ ನಗುವೇ ಇರುತ್ತದೆ.

ನಮ್ಮ ಸಂಘದ ಕೆರೆಗೆ ಕಾಲುವೆಯ ನೀರೋ ಬಕೆಟ್ಟಿನ ನೀರೋ ಎಂದು ಸಂಘದ ಲೆಕ್ಕದ ಪುಸ್ತಕ ಬರೆಯುವ ಹೆಣ್ಣುಮಗಳೇ ನೋಡಬಹುದು. ಪ್ರತಿ ಕ್ರೆಡಿಟ್ ಬ್ಯೂರೋದಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ, ನಾಲ್ಕಿರುವುದರಿಂದ ಮೂರು ತಿಂಗಳಿಗೊಂದರಂತೆ ತರಿಸಿಕೊಳ್ಳಬಹುದು. ಸ್ಕೋರ್ ಬಿಡಿ, ತಾರೀಖು ನೋಡಿ. ಹೊಸ ಸಾಲ ಮಂಜೂರಾದ ತಾರೀಖಿನ ಹಿಂದುಮುಂದೆ ಒಂದು ವಾರದಲ್ಲಿ ಹಳೇ ಸಾಲದ ಕಂತೋ ಪೂರ್ತಿ ಬಾಕಿಯೋ ಕಟ್ಟಿದ್ದರೆ ಅದಕ್ಕೊಂದು ಗುರುತು ಹಾಕಿ. ಅಂಥ ಗುರುತು ಎರಡಾದರೆ ಆ ಮನೆಗೆ ಈಗ ಬೇಕಿರುವುದು ಅವಧಿ ಹಿಗ್ಗಿಸಿದ ಹಳೇ ಸಾಲ, ಹೊಸ ಸಾಲವಲ್ಲ. ಹಾಳೆಯ ಹಿಂಬದಿಯಲ್ಲಿ ಚೀಟಿ ಬಾಕಿ, ಗಿರವಿ, ಕೈಸಾಲ, ಅಂಗಡಿ ಉದ್ರಿಯನ್ನು ಪೆನ್ನಿನಲ್ಲಿ ಬರೆದಿಡಿ. ಬ್ಯೂರೋಗೆ ಕಾಣದ್ದು ಆ ಬದಿಯಲ್ಲೇ ಇರುವುದು.